ದಿವಾನರು ಬರೆದ ಪುಸ್ತಕ

ಮೈಸೂರಿನಲ್ಲಿ ಓದುವ ನಮ್ಮ ಮಕ್ಕಳು ಈಗ ಕಡಿಮೆಯೇನಿಲ್ಲ. ಮೆಡಿಕಲ್, ಲಾ, ಮಾನಸಗಂಗೋತ್ರಿಯಲ್ಲಿ ಎಂ.ಎ. ಅಂತ ಮಂಗಳೂರು, ಬಂಟ್ವಾಳ, ಪುತ್ತೂರು, ಉಡುಪಿ ಕಡೆಯಿಂದ ಘಟ್ಟ ಹತ್ತಿ ಹೋದವರು. ಅವರಲ್ಲಿ ಯಾರನ್ನಾದರೂ ಕೇಳಿ ನೋಡಿ, ನಜರ್‌ಬಾದ್‌ನ ಮಿರ್ಜಾ ರಸ್ತೆ ಗೊತ್ತುಂಟಾ ಅಂತ. ಗೊತ್ತುಂಟು ಎನ್ನುತ್ತಾರೆ. ಆ ಮಿರ್ಜಾ ಯಾರು ಅಂತ ಕೇಳಿದರೆ ಹೆಚ್ಚಿನವರದ್ದು ಒಂದೇ ಉತ್ತರ: ರಾಜರ ಕಾಲದವರು ಯಾರೋ ಇರಬೇಕು.

ಹೌದು, ರಾಜರ ಕಾಲದವರೇ. 1926ರಿಂದ 1941ರವರೆಗೆ, 15 ವರ್ಷ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿಸಿದ ಮೇಲೆ ಆ ಕುರ್ಚಿಯಲ್ಲಿ ಕುಳಿತ ಒಬ್ಬರೇ ಮುಸ್ಲಿಂ ದಿವಾನರು. ಶೇಷಾದ್ರಿ ಅಯ್ಯರ್ ಅವರನ್ನು ಬಿಟ್ಟರೆ ಅಷ್ಟು ದೀರ್ಘಕಾಲ ದಿವಾನಗಿರಿ ಮಾಡಿದವರೂ ಬೇರೆ ಇಲ್ಲ. ಅವರ ಆಡಳಿತದ ಬಗ್ಗೆ, ಬೃಂದಾವನ ತೋಟದ ಬಗ್ಗೆ ಆಗಾಗ ಬರಹಗಳು ಬರುತ್ತವೆ. ಆದರೆ ಕೆಲಸ ಬಿಟ್ಟ ಮೇಲೆ ಅವರು ಮಾಡಿದ ಇನ್ನೊಂದು ಕೆಲಸದ ಮಾತು ಕಡಿಮೆ. ಅವರು ತಮ್ಮ ಕಥೆಯನ್ನು ತಾವೇ ಬರೆದಿಟ್ಟು ಹೋದರು. 1954ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಪ್ರಕಾಶನದಿಂದ ಬಂದ ‘ಮೈ ಪಬ್ಲಿಕ್ ಲೈಫ್’ ಆ ಪುಸ್ತಕ. ಈ ವಾರ ನಮ್ಮ ಪುಟದಲ್ಲಿ ಅವರ ಮಾತು ಎತ್ತುವುದಕ್ಕೆ ಆ ಪುಸ್ತಕವೇ ಕಾರಣ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇವೆ. ಮಿರ್ಜಾ ಸಾಹೇಬರು ಬ್ಯಾರಿ ಅಲ್ಲ. ಅವರದ್ದು ಇರಾನಿ ಮೂಲದ ಶಿಯಾ ಮನೆತನ, ಮನೆಯಲ್ಲಿ ಪಾರ್ಸಿಯ ಸಂಸ್ಕಾರ. ನಮ್ಮದು ಶಾಫಿ ಮದ್ಹಬ್, ಮನೆಯಲ್ಲಿ ಬ್ಯಾರಿ ಭಾಷೆ. ಅವರು ದಿವಾನರಾಗಿದ್ದಾಗ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ನಮ್ಮ ಅಜ್ಜಂದಿರಿಗೆ ಘಟ್ಟದ ಮೇಲಿನ ಮೈಸೂರು ಸೀಮೆ ಬೇರೆ ಸರ್ಕಾರದ ಊರು, ವ್ಯಾಪಾರಕ್ಕೆ ಹೋಗಿ ಬರುವ ಜಾಗ. ಹಾಗಾದರೆ ನಮಗೆ ಈ ಕಥೆ ಯಾಕೆ ಅಂತ ಕೇಳಿದರೆ, ಮನೆತನದ ಮೂಲದಿಂದಲೇ ಹೇಳಬೇಕು.

ಮಿರ್ಜಾ ಅವರ ಅಜ್ಜ ಅಲಿ ಅಸ್ಕರ್ ಕುದುರೆ ವ್ಯಾಪಾರಿ. 1824ರಲ್ಲಿ ಶಿರಾಜಿನಿಂದ ಹೊರಟು ಬೆಂಗಳೂರಿಗೆ ಬಂದರು. ದಂಡಿನ ಬ್ರಿಟಿಷರಿಗೂ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಕುದುರೆ ಒದಗಿಸಿದರು, ದುಡ್ಡು ಮಾಡಿದರು, ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದ್ದೇ. ‘ಬ್ಯಾರ’ಕ್ಕೆ ಬಂದು ನೆಲೆ ನಿಂತವರ ಕಥೆ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ, ನಮ್ಮ ಹೆಸರೇ ಅದರಿಂದ ಬಂದದ್ದು ಅಂತ ಹೇಳುವವರುಂಟು. ಕಡಲು ದಾಟಿ ಬಂದ ವ್ಯಾಪಾರಿಯ ಮೊಮ್ಮಗ ಎರಡನೇ ತಲೆಮಾರಿಗೆ ಸಂಸ್ಥಾನದ ಆಡಳಿತದ ಚುಕ್ಕಾಣಿ ಹಿಡಿದ ಅಂದರೆ ನಡುವೆ ಏನೋ ಒಂದು ನಡೆದಿರಬೇಕಲ್ಲ? ನಡೆದದ್ದು ಶಾಲೆ.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು. ಏಳು ತಿಂಗಳ ಅಂತರ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಪಟ್ಟಕ್ಕೆ ಬಂದ ನಾಲ್ವಡಿಯವರನ್ನು ಒಬ್ಬರನ್ನೇ ಕೂರಿಸಿ ಪಾಠ ಹೇಳಿದರೆ ಆಗುವುದಿಲ್ಲ, ಜೊತೆಗೆ ಬೇರೆ ಹುಡುಗರೂ ಬೇಕು ಅಂತ ಅವರ ಓದಿನ ಹೊಣೆ ಹೊತ್ತ ಐ.ಸಿ.ಎಸ್. ಅಧಿಕಾರಿ ಸ್ಟುವರ್ಟ್ ಫ್ರೇಸರ್ ಒಂದು ಸಣ್ಣ ತರಗತಿ ಮಾಡಿದರು. ಆಯ್ದ ಕೆಲವೇ ಹುಡುಗರು. ಅದರಲ್ಲಿ ಒಬ್ಬ ಮಿರ್ಜಾ. ಒಂದೇ ಪಾಠ, ಒಂದೇ ಆಟದ ಬಯಲು. ಆ ಸಹವಾಸ 1940ರ ಆಗಸ್ಟ್ 3ರಂದು ಮಹಾರಾಜರು ತೀರಿಹೋಗುವವರೆಗೂ ಬಿಡಲಿಲ್ಲ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿದ ಮಿರ್ಜಾ 1905ರಲ್ಲಿ ಸಂಸ್ಥಾನದ ಪೊಲೀಸ್ ಇಲಾಖೆಗೆ ಸೇರಿದರು, ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ. ಅಲ್ಲಿಂದ ಅರಮನೆಯ ಕಚೇರಿಗೆ. ಹುಜೂರ್ ಸೆಕ್ರೆಟರಿ, ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿ. ಅಂದರೆ ದಿವಾನರಾಗುವುದಕ್ಕೆ ಮೊದಲು ಹಲವು ವರ್ಷ ಅವರು ಮೈಸೂರಿನಲ್ಲಿ ಮಾಡಿದ್ದು ಕಡತದ ಕೆಲಸವೇ. ವಿಶ್ವೇಶ್ವರಯ್ಯ, ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ, ಮೂವರು ದಿವಾನರ ಕಾಲದಲ್ಲಿ ಅರಮನೆಗೂ ಸರ್ಕಾರಕ್ಕೂ ನಡುವೆ ಓಡಾಡಿದ ಕಾಗದಪತ್ರಗಳನ್ನು ಅವರು ಕಂಡರು. ಯಾವ ಮಾತನ್ನು ಬರೆಯಬೇಕು, ಯಾವುದನ್ನು ಬಾಯಲ್ಲಿ ಹೇಳಿ ಮುಗಿಸಬೇಕು ಎನ್ನುವುದು ಅಂಥ ಜಾಗದಲ್ಲಿ ಕೂತವರಿಗೆ ಬೇಗ ಗೊತ್ತಾಗುತ್ತದೆ. ಮುಂದೆ ಅವರ ಪುಸ್ತಕದ ಬಗ್ಗೆ ಹೇಳುವಾಗ ಇದು ನೆನಪಿರಲಿ.

1926ರಲ್ಲಿ ಬ್ಯಾನರ್ಜಿಯವರು ಬಿಟ್ಟ ಮೇಲೆ ಮಿರ್ಜಾ ದಿವಾನರಾದರು. ವಯಸ್ಸು 42.

ಅವರು ಮಾಡಿದ ಕೆಲಸಗಳನ್ನೆಲ್ಲ ಪಟ್ಟಿ ಮಾಡಲು ಈ ಪುಟ ಸಾಲದು, ಅದು ನಮ್ಮ ಉದ್ದೇಶವೂ ಅಲ್ಲ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಕಡೆ ಹರಿದದ್ದು ಅವರ ಕಾಲದಲ್ಲಿ. ಇವತ್ತು ಅದನ್ನು ವಿಶ್ವೇಶ್ವರಯ್ಯ ನಾಲೆ ಅಂತ ಕರೆಯುತ್ತೇವೆ. ನೀರು ಬಂದಲ್ಲಿ ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಕಟ್ಟೆಯ ಕೆಳಗಿನ ಬೃಂದಾವನ ತೋಟಕ್ಕೆ ಕಾಶ್ಮೀರದ ಶಾಲಿಮಾರ್ ಮಾದರಿ. ನಕ್ಷೆ ಜರ್ಮನಿಯ ಕ್ರುಂಬಿಗಲ್ ಅವರದ್ದು, ಆಸೆ ದಿವಾನರದ್ದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸುರು ಮಾಡಿದಾಗ ಮೈಸೂರು ಸರ್ಕಾರವೂ ಅದರಲ್ಲಿ ಪಾಲುದಾರ. ಮೈಸೂರು ನಗರದಲ್ಲಿ 1937ರಲ್ಲಿ ಸುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯನ್ನು ಮಾತ್ರ ಮರೆಯಬೇಡಿ. 1962ರಿಂದ ಚುನಾವಣೆಯ ದಿನ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅಲ್ಲೇ. ಓಟು ಹಾಕಿ ಬಂದು ಮಕ್ಕಳಿಗೆ ಬೆರಳು ತೋರಿಸುವ ನಮ್ಮ ಉಮ್ಮಂದಿರಿಗೆ ಆ ಕಪ್ಪು ಗೆರೆ ಎಲ್ಲಿಯದ್ದು ಅಂತ ಗೊತ್ತಿರಲಿಕ್ಕಿಲ್ಲ.

ಬೆಳಿಗ್ಗೆ ಎದ್ದು ಕುದುರೆ ಹತ್ತಿ ಬೀದಿ ಬೀದಿ ನೋಡಿ ಬರುವ ಅವರ ಅಭ್ಯಾಸ ಹಳೆಯವರ ಬಾಯಲ್ಲಿ ಬಹಳ ಪ್ರಸಿದ್ಧ. ಎಲ್ಲಿ ಕಸ ಬಿದ್ದಿದೆ, ಎಲ್ಲಿ ಚರಂಡಿ ಕಟ್ಟಿದೆ ಅಂತ ದಿವಾನರೇ ನೋಡಿ ಹೋದರೆ ಆಮೇಲೆ ಕೆಳಗಿನವರು ಸುಮ್ಮನೆ ಕೂರುವುದು ಹೇಗೆ?

ಆದರೆ ಅಧಿಕಾರಿಯ ಬದುಕಿನಲ್ಲಿ ತೋಟ ಮತ್ತು ಕಾರ್ಖಾನೆ ಸುಲಭದ ಭಾಗ. ಕಷ್ಟದ್ದು ಬೇರೆ ಇರುತ್ತದೆ. ಮಿರ್ಜಾ ಅವರಿಗೆ ಅದು ದಿವಾನರಾದ ಎರಡೇ ವರ್ಷಕ್ಕೆ ಬಂತು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯಕ್ಕೆ ತಕರಾರು ಎದ್ದಿತು. ವಿದ್ಯಾರ್ಥಿಗಳು ಬೀದಿಗೆ ಬಂದರು, ಬಂಧನಗಳಾದವು, ಜುಲೈ ಕೊನೆಗೆ ಹೊಡೆದಾಟವೇ ಆಯಿತು. ದಿವಾನರು ಮುಸ್ಲಿಮರಾದ್ದರಿಂದಲೇ ಹೀಗಾಯಿತು ಎನ್ನುವ ಮಾತು ಊರೆಲ್ಲ ಹರಡಿತು. ಶಾಲೆಯ ಕಟ್ಟಡದ ವಿಷಯ, ಪೊಲೀಸರ ವಿಷಯ, ನಗರಸಭೆಯ ವಿಷಯ ಎಲ್ಲ ಹಿಂದೆ ಸರಿದು ಒಬ್ಬ ಮನುಷ್ಯನ ಹೆಸರು ಮುಂದೆ ಬಂತು. ಸರ್ಕಾರ ವಿಚಾರಣಾ ಸಮಿತಿ ಮಾಡಿತು, ಅಧ್ಯಕ್ಷರು ಸಾಕ್ಷಾತ್ ವಿಶ್ವೇಶ್ವರಯ್ಯನವರು. ಆ ಗಲಾಟೆಯ ಬೆನ್ನಿಗೇ ಸರ್ಕಾರವನ್ನು ಟೀಕಿಸಿದ ಪತ್ರಿಕೆಗಳ ಮೇಲೂ ಕ್ರಮ ಆಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಮುಂದೆ ತನ್ನ ಮಾತನ್ನು ಜನ ಓದಬೇಕು ಅಂತ ಪುಸ್ತಕ ಬರೆದ ಮನುಷ್ಯನ ಆಡಳಿತದಲ್ಲಿ ಬೇರೆಯವರ ಬರಹಕ್ಕೆ ಬೀಗ ಬಿದ್ದದ್ದೂ ಉಂಟು.

ಹತ್ತು ವರ್ಷದ ಮೇಲೆ ಇನ್ನೊಂದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಕಾಂಗ್ರೆಸಿನವರು ಧ್ವಜ ಸತ್ಯಾಗ್ರಹ ಮಾಡಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ದೇಶಕ್ಕೇ ಸುದ್ದಿಯಾಯಿತು. ಕೊನೆಗೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸುವುದಕ್ಕೆ ದಾರಿ ಆಯಿತು. ಗುಂಡು ಹಾರಿಸಿದ ಸರ್ಕಾರದ ಮುಖ್ಯಸ್ಥ ಎನ್ನುವ ಭಾರ ಮಿರ್ಜಾ ಅವರ ಹೆಸರಿನ ಜೊತೆ ಇವತ್ತಿಗೂ ಉಂಟು. ಅವರ ಬಗ್ಗೆ ಹೆಮ್ಮೆ ಪಡುವವರು ಇದನ್ನೂ ಜೊತೆಯಲ್ಲೇ ಓದಬೇಕು ಅಂತ ನಮ್ಮ ಅಭಿಪ್ರಾಯ.

ನಾಲ್ವಡಿಯವರು ತೀರಿಹೋದ ಮೇಲೆ ಪಟ್ಟಕ್ಕೆ ಬಂದವರು 21 ವರ್ಷದ ಜಯಚಾಮರಾಜ ಒಡೆಯರು. ಹೊಸ ಮಹಾರಾಜರು, ಹಳೆಯ ದಿವಾನರು. ಹೊಂದಾಣಿಕೆ ಕೂಡಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು.

ಆಗ ಅವರಿಗೆ 57. ಮನೆಯಲ್ಲಿ ಕೂತು ನೆನಪು ಬರೆಯಬಹುದಿತ್ತು. ಬರೆಯಲಿಲ್ಲ. 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾಗಿ ಹೋದರು. ಅಲ್ಲಿಯೂ ಅದೇ ಹುಚ್ಚು: ರಸ್ತೆ ಅಗಲ ಮಾಡು, ಆಸ್ಪತ್ರೆ ಕಟ್ಟು, ಊರು ಚಂದ ಮಾಡು. ಜೈಪುರದ ದೊಡ್ಡ ಪೇಟೆ ಬೀದಿಗೆ ಇಂದಿಗೂ ಎಂ.ಐ. ರೋಡ್ ಅಂತಲೇ ಹೆಸರು. ರಾಜಸ್ಥಾನಕ್ಕೆ ಟೂರ್ ಹೋದ ನಮ್ಮವರು ಅಲ್ಲಿ ಸೀರೆ, ಹರಳಿನ ಬಳೆ ತಂದಿರುತ್ತಾರೆ. ಎಂ.ಐ. ಅಂದರೆ ಮಿರ್ಜಾ ಇಸ್ಮಾಯಿಲ್ ಅಂತ ಗೈಡ್ ಹೇಳಿದರೆ ಹೇಳಿದ, ಇಲ್ಲದಿದ್ದರೆ ಇಲ್ಲ.

ಸಾಹಿತ್ಯದ ಮಟ್ಟಿಗೆ ಜೈಪುರದ ಒಂದು ಸಂಗತಿ ಮುಖ್ಯ. 1945ರಲ್ಲಿ ಪೆನ್ ಸಂಸ್ಥೆಯ ಅಖಿಲ ಭಾರತ ಲೇಖಕರ ಸಮ್ಮೇಳನ ನಡೆದದ್ದು ಜೈಪುರದಲ್ಲಿ, ಅವರು ಪ್ರಧಾನಮಂತ್ರಿಯಾಗಿದ್ದಾಗ. ಸರೋಜಿನಿ ನಾಯ್ಡು ಇದ್ದರು, ಇಂಗ್ಲೆಂಡಿನಿಂದ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಬಂದಿದ್ದರು. ಯುದ್ಧ ಆಗಷ್ಟೇ ಮುಗಿದ ವರ್ಷ. ಅಂಥ ಹೊತ್ತಿನಲ್ಲಿ ಲೇಖಕರನ್ನು ತನ್ನ ಊರಿಗೆ ಕರೆಸಿಕೊಂಡ ಆಡಳಿತಗಾರನಿಗೆ ಬರಹದ ಬೆಲೆ ಗೊತ್ತಿರಲೇಬೇಕು. ಅಷ್ಟರಲ್ಲಿ ಅವರ ಹೆಸರಿನ ಪುಸ್ತಕಗಳೂ ಇದ್ದವು. ದಿವಾನರಾಗಿದ್ದಾಗ ಮಾಡಿದ ಭಾಷಣಗಳನ್ನು ಬೆಂಗಳೂರಿನ ಸರ್ಕಾರಿ ಮುದ್ರಣಾಲಯ ಸಂಪುಟಗಳಾಗಿ ಅಚ್ಚು ಹಾಕಿತ್ತು. ಆದರೆ ಭಾಷಣದಲ್ಲಿ ಮಾತಾಡುವುದು ಹುದ್ದೆ. ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಓದಿದ ಮಾತು ಸರ್ಕಾರದ ಮಾತು, ಅದರಲ್ಲಿ ಮಿರ್ಜಾ ಎಷ್ಟು ಅಂತ ಹುಡುಕುವುದು ಕಷ್ಟ.

1946ರ ಆಗಸ್ಟಿನಲ್ಲಿ ಹೈದರಾಬಾದ್. ನಿಜಾಮರು ಕರೆದರು, ಇವರು ಹೋದರು. ಒಂದು ವರ್ಷವೂ ಪೂರ್ತಿ ನಿಲ್ಲಲಿಲ್ಲ. ಮಿರ್ಜಾ ದೇಶ ವಿಭಜನೆಗೆ ವಿರೋಧಿ. ಹೈದರಾಬಾದ್ ಭಾರತದ ಜೊತೆ ಹೊಂದಿಕೊಂಡು ಹೋಗಬೇಕು ಎನ್ನುವವರು. ಅವರ ನೇಮಕಕ್ಕೆ ಜಿನ್ನಾ ಅವರದ್ದೇ ವಿರೋಧ ಇತ್ತು. ಅಲ್ಲಿನ ಇತ್ತೆಹಾದುಲ್ ಮುಸ್ಲಿಮೀನ್ ಅವರನ್ನು ಒಪ್ಪಲೇ ಇಲ್ಲ. 1947ರ ಮೇ ತಿಂಗಳಲ್ಲಿ ಅಲ್ಲಿಂದಲೂ ರಾಜೀನಾಮೆ.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. 1928ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಕೆಲವರಿಗೆ ಅವರು ಅತಿಯಾಗಿ ಮುಸ್ಲಿಂ. 1947ರಲ್ಲಿ ಹೈದರಾಬಾದಿನಲ್ಲಿ ಕೆಲವರಿಗೆ ಅವರು ಸಾಕಷ್ಟು ಮುಸ್ಲಿಂ ಅಲ್ಲ. ಅದೇ ಮನುಷ್ಯ, ಅದೇ ನಮಾಜು, ಅದೇ ಕೆಲಸದ ರೀತಿ. ನಮ್ಮ ಮನೆಗಳಲ್ಲಿ ಮಗನೋ ಮಗಳೋ ಕೆ.ಎ.ಎಸ್., ಐ.ಎ.ಎಸ್. ಅಂತ ಹೊರಟಾಗ ಉಪ್ಪ, ಉಮ್ಮ ಬಾಯಿಬಿಟ್ಟು ಕೇಳದ ಪ್ರಶ್ನೆ ಒಂದುಂಟು. ಆ ಕುರ್ಚಿಯಲ್ಲಿ ಕೂತ ಮೇಲೆ ಇವನನ್ನು ಅಧಿಕಾರಿ ಅಂತ ನೋಡುತ್ತಾರೋ, ಹೆಸರು ನೋಡಿ ಅಳೆಯುತ್ತಾರೋ? ಊರಿನವರು ಬಂದು ‘ನಮ್ಮವ ಅಲ್ವಾ’ ಅಂತ ಕೆಲಸ ಕೇಳಿದರೆ ಏನು ಮಾಡುತ್ತಾನೆ? ಕೊಡದಿದ್ದರೆ ಜಮಾಅತಿನಲ್ಲಿ ಮಾತು, ಕೊಟ್ಟರೆ ಕಚೇರಿಯಲ್ಲಿ ಮಾತು. ಮಿರ್ಜಾ ಅವರ 40 ವರ್ಷದ ಸೇವೆ ಈ ಪ್ರಶ್ನೆಯ ಒಳಗೇ ನಡೆದದ್ದು. ನಾಲ್ವಡಿಯಂಥ ಒಡೆಯರು ಹಿಂದೆ ನಿಂತಿದ್ದರು ಎನ್ನುವುದು ಅವರ ಅದೃಷ್ಟ. ಗಣಪತಿ ಗಲಾಟೆಯ ನಂತರವೂ ಮಹಾರಾಜರು ಅವರನ್ನು ಬಿಡಲಿಲ್ಲ, ಮತ್ತೆ 12 ವರ್ಷ, ತಾವು ಕಣ್ಣು ಮುಚ್ಚುವವರೆಗೆ ಅವರನ್ನೇ ದಿವಾನರಾಗಿ ಇಟ್ಟುಕೊಂಡರು. ದೇವರ ಕೋಣೆಯಲ್ಲಿ ದಿನವೂ ಹೊತ್ತು ಕಳೆಯುತ್ತಿದ್ದ ರಾಜ, ಮುಹರ್ರಮ್ ಆಚರಿಸುವ ಮನೆಯಿಂದ ಬಂದ ದಿವಾನ. ಒಬ್ಬರ ನಂಬಿಕೆ ಇನ್ನೊಬ್ಬರಿಗೆ ಅಡ್ಡ ಬರಲಿಲ್ಲ.

ಹೈದರಾಬಾದ್ ಆದ ಮೇಲೆ ಸ್ವಲ್ಪ ಕಾಲ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯದಲ್ಲಿ ಕೆಲಸ. ಆಮೇಲೆ ಬೆಂಗಳೂರು. ಬರೆಯಲು ಕೂತದ್ದು ಸಂಸ್ಥಾನಗಳೆಲ್ಲ ಇಲ್ಲವಾದ ಮೇಲೆ. ಅವರು ಸೇವೆ ಮಾಡಿದ ಮೈಸೂರು, ಜೈಪುರ, ಹೈದರಾಬಾದ್ ಮೂರೂ ಆಗ ಹಳೆಯ ರೂಪದಲ್ಲಿ ಇರಲಿಲ್ಲ. ಯಾರನ್ನೂ ಮೆಚ್ಚಿಸಬೇಕಾಗಿಲ್ಲ, ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ. ಪುಸ್ತಕ ಬಂದಾಗ ವಯಸ್ಸು 70 ದಾಟಿತ್ತು.

ಪುಸ್ತಕದ ಉಪಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ ‘ನೆನಪುಗಳು ಮತ್ತು ಆಲೋಚನೆಗಳು’. ಹೆಸರಲ್ಲಿ ‘ಸಾರ್ವಜನಿಕ’ ಎನ್ನುವ ಪದ ಇರುವುದನ್ನು ಗಮನಿಸಿ. ಮನೆಯ ಬಾಗಿಲು ಹಾಕಿಕೊಂಡೇ ಬರೆದದ್ದು. ಮೂರು ವರ್ಷ ಮೊದಲು, 1951ರಲ್ಲಿ ವಿಶ್ವೇಶ್ವರಯ್ಯನವರು ಬರೆದ ಆತ್ಮಕಥೆಯ ಹೆಸರು ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’. ಒಬ್ಬರದ್ದು ಕೆಲಸದ ಬದುಕು, ಇನ್ನೊಬ್ಬರದ್ದು ಸಾರ್ವಜನಿಕ ಬದುಕು. ಮೈಸೂರಿನ ಇಬ್ಬರು ದಿವಾನರೂ ಓದುಗರನ್ನು ಕಚೇರಿಯ ತನಕ ಕರೆದುಕೊಂಡು ಹೋಗುತ್ತಾರೆ, ಅಡುಗೆಮನೆಗೆ ಬಿಡುವುದಿಲ್ಲ. ಹುಜೂರ್ ಕಚೇರಿಯಲ್ಲಿ ಕಲಿತ ಪಾಠ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಅಂತ ಕಾಣುತ್ತದೆ.

ಹಾಗಂತ ಪುಸ್ತಕ ಒಣ ಕಡತ ಅಲ್ಲ. ನಾಲ್ವಡಿಯವರ ವಿಷಯಕ್ಕೆ ಬಂದಾಗ ದಿವಾನರ ಮಾತು ಗೆಳೆಯನ ಮಾತಾಗುತ್ತದೆ. ಲಂಡನ್ನಿನ ದುಂಡುಮೇಜಿನ ಪರಿಷತ್ತು, ಜೈಪುರ, ಹೈದರಾಬಾದಿನ ಕಹಿ, ಅವರು ಕಂಡ ದೊಡ್ಡ ಮನುಷ್ಯರು, ಎಲ್ಲವೂ ಉಂಟು. ನಮಗೆ ಬೇಕಾದದ್ದು ಇನ್ನೊಂದು: ತನ್ನ ಮೇಲೆ ಬಂದ ಆರೋಪಗಳ ಕಾಲವನ್ನು ಆ ಮನುಷ್ಯ ಹೇಗೆ ಕಂಡ ಅಂತ ತಿಳಿಯಲು ಅವರದ್ದೇ ಮಾತು ನಮಗೆ ಸಿಕ್ಕಿದೆ. ವಿಚಾರಣಾ ಸಮಿತಿಯ ವರದಿ ಇದೆ, ಪತ್ರಿಕೆಗಳ ಬರಹ ಇದೆ, ವಿರೋಧಿಗಳ ಭಾಷಣ ಇದೆ. ಅವುಗಳ ಪಕ್ಕದಲ್ಲಿ ಇಡಲು ಈ ಒಂದು ಪುಸ್ತಕ ಇಲ್ಲದಿದ್ದರೆ ಮಿರ್ಜಾ ಎಂದರೆ ಬೇರೆಯವರು ಹೇಳಿದಷ್ಟೇ ಆಗುತ್ತಿತ್ತು. ಅವರು ಬರೆದದ್ದನ್ನೆಲ್ಲ ಒಪ್ಪಬೇಕು ಅಂತೇನಿಲ್ಲ. ವಾದಿ, ಪ್ರತಿವಾದಿ ಇಬ್ಬರ ಮಾತೂ ಇದ್ದರೆ ತಾನೇ ಓದುಗ ತೀರ್ಮಾನ ಮಾಡಬಹುದು?

ಒಂದು ಕೊರತೆ ಮಾತ್ರ ನಮಗೆ ಕಾಡುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಪಾರ್ಸಿ, ಶಾಲೆ ಮತ್ತು ಕಚೇರಿಯಲ್ಲಿ ಇಂಗ್ಲಿಷ್. ಅವರು ನಾಲೆ ತೋಡಿಸಿದ್ದು, ದೀಪ ಹಾಕಿಸಿದ್ದು ಕನ್ನಡದ ಜನರಿಗೆ. ಅದೇ ಸಂಸ್ಥಾನದ ಬೇರೆ ಅಧಿಕಾರಿಗಳು ಹಾಗೆ ಮಾಡಲಿಲ್ಲ. ಅಮಲ್ದಾರಿಕೆಯಿಂದ ಮೇಲೆ ಬಂದ ನವರತ್ನ ರಾಮರಾಯರು ‘ಕೆಲವು ನೆನಪುಗಳು’ ಬರೆದದ್ದು ಕನ್ನಡದಲ್ಲಿ. ತಾಲ್ಲೂಕು ಕಚೇರಿ, ಹಳ್ಳಿಯ ಪಟೇಲರು, ಕುದುರೆ ಮೇಲಿನ ಸರ್ಕೀಟು, ಎಲ್ಲ ಅದರಲ್ಲಿ ಜೀವಂತ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮಿರ್ಜಾ ಅವರ ಆಡಳಿತದಲ್ಲೇ ಅಧಿಕಾರಿಯಾಗಿದ್ದವರು. ಹಗಲು ಸರ್ಕಾರಿ ಕೆಲಸ, ಜೊತೆಗೆ ಕಥೆ. ತಮಗಿಂತ ಕಿರಿಯರನ್ನು ಮಂತ್ರಿ ಮಾಡಿದರು ಅಂತ 1943ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು, ಮರುವರ್ಷದಿಂದ ‘ಜೀವನ’ ಪತ್ರಿಕೆ ನಡೆಸಿದರು. ಜ್ಞಾನಪೀಠ ಅವರನ್ನು ಹುಡುಕಿಕೊಂಡು ಬಂದದ್ದು 1983ರ ಸಾಲಿಗೆ, ‘ಚಿಕವೀರ ರಾಜೇಂದ್ರ’ಕ್ಕಾಗಿ. ಮಾಸ್ತಿಯವರನ್ನು ಕನ್ನಡದ ಪ್ರತಿ ಮನೆಯೂ ಬಲ್ಲದು. ದಿವಾನರನ್ನು ಬಲ್ಲವರು ಇಂಗ್ಲಿಷ್ ಓದುವವರು, ಇತಿಹಾಸದ ಮೇಷ್ಟ್ರುಗಳು. ಹುದ್ದೆಯಲ್ಲಿ ದಿವಾನರು ಎಷ್ಟೋ ಮೇಲೆ, ಓದುಗರ ಲೆಕ್ಕದಲ್ಲಿ ಮಾಸ್ತಿ ಎಷ್ಟೋ ಮುಂದೆ.

ಭಾಷೆಯ ಮಾತು ಬಂದಾಗ ನಮ್ಮ ಮನೆಯ ಕಡೆಯೂ ನೋಡಬೇಕಾಗುತ್ತದೆ. ಮನೆಯಲ್ಲಿ ಬ್ಯಾರಿ, ಹಿಂದಿನ ಕಾಲದ ಮದ್ರಸದಲ್ಲಿ ಅರಬಿ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಇಷ್ಟು ಭಾಷೆ ಬಲ್ಲ ಸಮುದಾಯದಲ್ಲಿ ತನ್ನ ಬದುಕನ್ನು ಯಾವ ಭಾಷೆಯಲ್ಲಿ ಬರೆಯುವುದು ಎನ್ನುವುದೇ ದೊಡ್ಡ ಪ್ರಶ್ನೆ. ಕೊನೆಗೆ ಯಾವುದರಲ್ಲೂ ಬರೆಯದೆ ಹೋದವರೇ ಹೆಚ್ಚು. ಕಥೆ, ಕಾದಂಬರಿಯಲ್ಲಿ ನಮ್ಮ ಕಡೆಯವರು ಹಿಂದೆ ಬಿದ್ದಿಲ್ಲ. ಬ್ಯಾಂಕಿನ ಕೆಲಸ ಮಾಡುತ್ತಲೇ ಬರೆದ ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2007ರಿಂದ ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಉಂಟು. ಆದರೆ ಕಚೇರಿಯ ನೆನಪು ಬರೆದವರು ಎಷ್ಟು ಜನ? ಕಂದಾಯ ಇಲಾಖೆಯಲ್ಲಿ ರೆವೆನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು, ಮಲೆನಾಡಿನ ಶಾಲೆಯಲ್ಲಿ 30 ವರ್ಷ ಹೆಡ್‌ಮಾಸ್ಟ್ರಾಗಿದ್ದವರು, ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಪೊಲೀಸ್ ಇಲಾಖೆಯಲ್ಲಿ ಗಲಾಟೆಯ ರಾತ್ರಿಗಳನ್ನು ಕಂಡವರು ನಮ್ಮಲ್ಲಿ ಇದ್ದಾರೆ. ಮಗ್ರಿಬ್ ಕಳೆದು ಪಳ್ಳಿಯ ಜಗಲಿಯಲ್ಲಿ ಕೂತರೆ ಅವರ ಮಾತು ಕೇಳಲು ಇಶಾ ತನಕ ಹೊತ್ತು ಸಾಲುವುದಿಲ್ಲ. ಅವರು ಹೋದ ದಿನ ಅದೆಲ್ಲ ಅವರ ಜೊತೆಯೇ ಹೋಗುತ್ತದೆ. ಭೂಸುಧಾರಣೆಯ ಡಿಕ್ಲರೇಶನ್ ಅರ್ಜಿಗಳನ್ನು ಬರೆದುಕೊಟ್ಟ ಕೈಗಳು ಒಂದು ಪುಟ ತಮ್ಮದನ್ನು ಬರೆಯಲಿಲ್ಲ.

ನಾವೇನು ಅಂತ ಬರೆಯುವುದು, ದಿವಾನರಾ ನಾವು, ಅಂತ ಕೇಳುವವರು ಇರುತ್ತಾರೆ. ನಮ್ಮ ಉತ್ತರ ಇಷ್ಟೇ. ಗಲಾಟೆಯ ದಿನ ಆ ಕಚೇರಿಯಲ್ಲಿ ಏನು ನಡೆಯಿತು, ವರ್ಗಾವಣೆ ಯಾಕೆ ಬಂತು, ಯಾವ ಹಿಂದೂ ಸಹೋದ್ಯೋಗಿ ಮನೆಗೆ ಬಂದು ಧೈರ್ಯ ಹೇಳಿದ, ಯಾವ ನಮ್ಮವರೇ ಅರ್ಜಿ ಕೊಟ್ಟು ತೊಂದರೆ ಮಾಡಿದರು, ಇದೆಲ್ಲ ನಿಮ್ಮ ಬಿಟ್ಟು ಬೇರೆ ಯಾರಿಗೆ ಗೊತ್ತು? ಸರ್ಕಾರಿ ಕಡತಕ್ಕೆ ಇಂಥದ್ದು ಬರುವುದೇ ಇಲ್ಲ. ಮೊಮ್ಮಕ್ಕಳ ನೋಟ್‌ಬುಕ್ಕಿನ ಉಳಿದ ಹಾಳೆಯಲ್ಲಿ ಬರೆದರೂ ಆಯಿತು. ಬ್ಯಾರಿ ಭಾಷೆಯಲ್ಲೇ ಹೇಳಿ, ಮಕ್ಕಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕನ್ನಡದಲ್ಲಿ ಇಳಿಸಲಿ. ಮಿರ್ಜಾ ಸಾಹೇಬರು ಬರೆದದ್ದು 70 ದಾಟಿದ ಮೇಲೆ ಅಂತ ಆಗಲೇ ಹೇಳಿದೆವಲ್ಲ.

ಮೈಸೂರಿನಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಬೃಂದಾವನಕ್ಕೆ ದೀಪ ನೋಡಲು ಹೋಗುವವರು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ದಿನ ‘ಮೈ ಪಬ್ಲಿಕ್ ಲೈಫ್’ ಅಂತ ಕೇಳಿ ನೋಡಿ. ಮೊದಲು ಮೈಸೂರಿನ ಭಾಗ ಓದಿ, ಆಮೇಲೆ ಹೈದರಾಬಾದಿನದ್ದು. ಜೊತೆಗೆ 1928ರ ಬಗ್ಗೆ, ವಿದುರಾಶ್ವತ್ಥದ ಬಗ್ಗೆ ಕನ್ನಡದಲ್ಲಿ ಇತಿಹಾಸಕಾರರು ಬರೆದದ್ದನ್ನೂ ಓದಿ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಕೂರುವವರಿಗೆ ಕೋಚಿಂಗ್ ನೋಟ್ಸಿನಲ್ಲಿ ಸಿಗದ ಪಾಠ ಅದರಲ್ಲಿ ಉಂಟು.

ಪುಸ್ತಕ ಬಂದು ಐದು ವರ್ಷ ತುಂಬುವ ಮೊದಲೇ, 1959ರ ಜನವರಿ 5ರಂದು ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ 1956ರ ನವೆಂಬರ್ 1 ಕಳೆದಿತ್ತು. ಮದ್ರಾಸಿನಿಂದ ಬಿಡಿಸಿಕೊಂಡು ನಮ್ಮ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತ್ತು. ಹಾಗಾಗಿ ಅವರ ಬದುಕಿನ ಕೊನೆಯ ಎರಡು ವರ್ಷ ಎರಡು ತಿಂಗಳು ಅವರೂ ನಮ್ಮ ಅಜ್ಜಂದಿರೂ ಒಂದೇ ರಾಜ್ಯದ ಪ್ರಜೆಗಳಾಗಿದ್ದರು.